ಹುಣಸೂರಿನಲ್ಲಿ ಕೊಂಡ ಕೌದಿ

“ಸಿಂಗಲ್ ಬೇಕಾ, ಡಬಲ್ಲಾ?” ಎಂದು ಅಂಗಡಿಯ ಕುಳ್ಳಮ್ಮ ಕೇಳಿದಾಗ ಸಿದ್ದಮಲ್ಲಪ್ಪ ಒಮ್ಮೆ ಕೆಮ್ಮಿ, ಬೀದಿಯ ಕಡೆ ಮುಖ ಮಾಡಿ, “ಸಿಂಗಲ್ಲೇ ಎರಡು ಕೊಡಿ” ಎಂದ. ಪಕ್ಕದಲ್ಲಿ ನೀಲಿ ಅಂಚಿನ ದೊಡ್ಡ ಕೌದಿಯೊಂದನ್ನು ಸವರಿ ನೋಡುತ್ತಿದ್ದ ನೀಲಾಂಬಿಕೆಯ ಕೈ ಹಾಗೇ ನಿಂತಿತು.

ಅವರಿಬ್ಬರ ಮದುವೆಯಾಗಿ ಇನ್ನೂ ಅರ್ಧ ದಿನ ಕಳೆದಿರಲಿಲ್ಲ. ಬೆಳಿಗ್ಗೆ ಕೆ.ಆರ್. ನಗರದಲ್ಲಿ, ಅವಳ ಅಣ್ಣ ಉಮಾಶಂಕರನ ಮನೆಯಲ್ಲೇ, ಹತ್ತಿರದ ನೆಂಟರೆದುರು ಹಾರ ಬದಲಾಯಿಸಿಕೊಂಡು, ಉಪ್ಪಿಟ್ಟು ಕೇಸರಿಬಾತು ತಿಂದು ಬಸ್ಸು ಹತ್ತಿದ್ದರು. ಅವನಿಗೆ ಐವತ್ತು ದಾಟಿತ್ತು. ಪಿರಿಯಾಪಟ್ಟಣದ ಹತ್ತಿರ ಹೊಗೆಸೊಪ್ಪು ಬೆಳೆಯುವವನು. ಹೆಂಡತಿ ತೀರಿಕೊಂಡಿದ್ದಳು, ಮಗಳು ಗಂಡನ ಮನೆಯಲ್ಲಿದ್ದಳು. ನೀಲಾಂಬಿಕೆ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆ ಸೇರಿದವಳು. ಅಲ್ಲಿಯ ಅಡುಗೆ, ಅಣ್ಣನ ಹೆಣ್ಣುಮಕ್ಕಳ ಬಾಣಂತನ, ಎಲ್ಲ ಅವಳ ಕೈಯಲ್ಲೇ ಆಗಿತ್ತು. ಹುಣಸೂರಿನಲ್ಲಿ ಇಳಿದು ಪಿರಿಯಾಪಟ್ಟಣದ ಬಸ್ಸಿಗೆ ಕಾಯುವಾಗ ಸಿದ್ದಮಲ್ಲಪ್ಪನೇ, “ನಮ್ಮ ಕಡೆ ಈಗ ಚಳಿ ಜಾಸ್ತಿ. ಮನೇಲಿರೋ ಹೊದಿಕೆ ಎಲ್ಲಾ ಹಳೇವು, ಹೊಸದೊಂದು ತಗೊಂಡು ಹೋಗಣ” ಎಂದು ನಿಲ್ದಾಣದ ಎದುರಿನ ಈ ಅಂಗಡಿಗೆ ಕರೆತಂದಿದ್ದ. ಅಲ್ಲಿ ಒಂದು ಎಂದವನು ಇಲ್ಲಿ ಎರಡು ಎಂದಿದ್ದ.

ಅತ್ತಿಗೆ ಹೇಳಿದ ಮಾತು ಸರಿಯಿರಬೇಕು ಎಂದುಕೊಂಡಳು ನೀಲಾಂಬಿಕೆ. “ಬೇಯಿಸಿ ಹಾಕೋಕೆ ಒಂದು ಜೀವ ಬೇಕಂತೆ ಕಣೆ ಅವರಿಗೆ, ಇನ್ನೇನಿಲ್ಲ. ಹೆದರ್ಕೋಬೇಡ” ಎಂದು ಅತ್ತಿಗೆ ಧೈರ್ಯ ಹೇಳುವವಳಂತೆ ಹೇಳಿದ್ದಳು. ಆಗ ಅವಳಿಗೆ ನಿಜಕ್ಕೂ ಸಮಾಧಾನವಾಗಿತ್ತು. ಈಗ ಅದೇ ಮಾತು ಯಾಕೆ ಚುಚ್ಚುತ್ತಿದೆ ಎಂಬುದು ಅವಳಿಗೇ ತಿಳಿಯಲಿಲ್ಲ.

ಕುಳ್ಳಮ್ಮ ಎರಡು ಕೌದಿ ಎಳೆದು ಹಲಗೆಯ ಮೇಲೆ ಹಾಕಿದಳು. ನೀಲಾಂಬಿಕೆಯ ಕೊರಳ ಹೊಸ ಅರಿಸಿನದ ದಾರವನ್ನು ನೋಡಿ, “ವಸಾ ಮದ್ವೆನಾ?” ಎಂದಳು.

“ಹೂಂ” ಎಂದ ಸಿದ್ದಮಲ್ಲಪ್ಪ.

“ಅಂಗಾದ್ರೆ ಎರಡು ಯಾಕೆ?” ಎಂದು ಕೇಳಿದ ಕುಳ್ಳಮ್ಮ, ಉತ್ತರಕ್ಕೆ ಕಾಯದೆ, ಕಟ್ಟಲು ಹಗ್ಗ ತರಲು ಒಳಗೆ ಹೋದಳು.

ಸಿದ್ದಮಲ್ಲಪ್ಪ ಮತ್ತೆ ಬೀದಿಯನ್ನು ನೋಡತೊಡಗಿದ. ಒಂದು ಬಸ್ಸು ಬಂದು ಹೋಯಿತು, ಅವರದಲ್ಲ. ನೀಲಾಂಬಿಕೆ ಅಣ್ಣನ ಮನೆಯಲ್ಲಿ ಇಷ್ಟು ವರ್ಷ ಯಾರನ್ನೂ ‘ಯಾಕೆ’ ಎಂದು ಕೇಳಿದವಳಲ್ಲ. ಆದರೆ ಇನ್ನು ಬದುಕಬೇಕಾಗಿರುವ ಮನೆಗೆ ತಾನು ಏನಾಗಿ ಹೋಗುತ್ತಿದ್ದೇನೆ ಎಂಬುದು ಹೊಸಿಲು ದಾಟುವ ಮೊದಲೇ ತಿಳಿದಿರಬೇಕು ಅನ್ನಿಸಿತು.

“ನಿಮಗೆ ಅಡುಗೆಯವಳು ಬೇಕಿದ್ರೆ ಹಂಗೇ ಹೇಳಿಬಿಡಿ” ಎಂದಳು ತಗ್ಗಿದ ದನಿಯಲ್ಲಿ. “ನಾನು ಬೇಜಾರು ಮಾಡ್ಕೊಳ್ಳಲ್ಲ. ಗೊತ್ತಿದ್ರೆ ಸಾಕು.”

ಅವನು ಬೆಚ್ಚಿ ತಿರುಗಿದ. “ಅಡುಗೆಯವಳಾ? ಯಾರು ಹೇಳಿದ್ರು ಅಂಗೆ? ಅಡುಗೆ ನಾನೇ ಮಾಡ್ಕೋತೀನಿ. ಮುದ್ದೆ ಕಟ್ಟೋದೂ ಬತ್ತದೆ.”

“ಮತ್ತೆ ಇದು?” ಅವಳು ಹಲಗೆಯ ಮೇಲಿದ್ದ ಎರಡು ಕೌದಿಗಳತ್ತ ನೋಡಿದಳು.

ಸಿದ್ದಮಲ್ಲಪ್ಪನ ವಿಭೂತಿ ಹಚ್ಚಿದ ಹಣೆ ಬೆವರಿತು. “ಅದು... ನಾನು ನಿದ್ದೇಲಿ ಹೊದಿಕೆಯೆಲ್ಲಾ ನನ್ನ ಕಡೆಗೇ ಎಳ್ಕೋತೀನಿ. ಆ ತೀರ್ಕೊಂಡೋಳು ಬಾಯಿ ಜೋರು, ಎಬ್ಬಿಸಿ ಕೂರಿಸಿ ಬೈದು, ಕಿತ್ಕೊಂಡು ಹೊದ್ಕೊಳ್ಳೋಳು. ನೀವು ಅಂಗಲ್ಲ. ಈಗ ಬಸ್ಸಲ್ಲಿ ಗಾಳಿ ಮುಖಕ್ಕೇ ಹೊಡೀತಿತ್ತು. ಸೆರಗು ಸುತ್ಕೊಂಡು ನಡುಗ್ತಾ ಕೂತ್ರೇ ವಿನಾ ಕಿಟಕಿ ಮುಚ್ಚಿ ಅಂತ ನನಗೆ ಹೇಳಲಿಲ್ಲ. ನಾನು ಕಂಡಿದ್ದು ಹುಣಸೂರು ಬಂದ ಮೇಲೆ. ನಾಳೆ ಚಳೀಲಿ ಬೆಳಗಾನ ಅಂಗೇ ಮಲಗಿರ್ತೀರಿ, ಒಂದು ಮಾತು ಆಡಲ್ಲ ಅನ್ನಿಸ್ತು. ಅದಕ್ಕೇ...”

‘ನಮ್ಮ ನೀಲ ಬಾಯಿಬಿಟ್ಟು ಏನೂ ಕೇಳೋಳಲ್ಲ’ ಎಂದು ಅಣ್ಣನ ಮನೆಯಲ್ಲಿ ಬಂದವರಿಗೆಲ್ಲ ಹೊಗಳಿ ಹೇಳುತ್ತಿದ್ದರು. ಈ ಸಂಬಂಧ ಕೂಡಿಸಿದವರೂ ಬೆಳಿಗ್ಗೆ ಅದನ್ನೇ ಹೇಳಿದ್ದರು. ಅದನ್ನೊಂದು ತೊಂದರೆ ಎಂದು ಎಣಿಸಿ, ಅದಕ್ಕೊಂದು ದಾರಿ ಹುಡುಕಿದವರು ಇದುವರೆಗೆ ಯಾರೂ ಇರಲಿಲ್ಲ.

ಕುಳ್ಳಮ್ಮ ಹಗ್ಗ ಹಿಡಿದು ಹೊರಗೆ ಬಂದಳು. ನೀಲಾಂಬಿಕೆ ಎರಡೂ ಕೌದಿಗಳನ್ನು ಅವಳ ಕಡೆಗೆ ಸರಿಸಿದಳು.

“ಇವು ಬೇಡ. ಆ ನೀಲಿ ಅಂಚಿನ ಡಬಲ್ಲು ಕಟ್ಟಿಕೊಡಿ” ಎಂದಳು. ಆಮೇಲೆ ಸಿದ್ದಮಲ್ಲಪ್ಪನ ಕಡೆ ನೋಡದೆ, “ಎಳ್ಕೊಂಡ್ರೆ ಬೈತೀನಿ” ಎಂದಳು. ಬೈಯಲು ತನಗೆ ಬರುತ್ತದೆಯೇ ಎಂಬ ಅನುಮಾನ ಅವಳಿಗೂ ಇತ್ತು.

“ಅಂಗೇ ಬೈಯ್ಯವ್ವ ನೀನು” ಎಂದು ಕುಳ್ಳಮ್ಮ ಕೌದಿಯನ್ನು ಮಡಿಸಿ, ಮಂಡಿಯಿಂದ ಒತ್ತಿ ಹಗ್ಗ ಬಿಗಿದಳು.

ಅಷ್ಟರಲ್ಲಿ ಪಿರಿಯಾಪಟ್ಟಣದ ಬಸ್ಸು ಬಂದು ನಿಂತಿತು. ಸಿದ್ದಮಲ್ಲಪ್ಪ ಗಂಟನ್ನು ಕಂಕುಳಲ್ಲಿ ಅವುಚಿಕೊಂಡು ರಸ್ತೆಗಿಳಿದ. ಚೀಲ ಹಿಡಿದು ಅವನ ಹಿಂದೆಯೇ ಬರುತ್ತಿದ್ದ ನೀಲಾಂಬಿಕೆ ನೋಡುತ್ತಾಳೆ, ಕೌದಿಯ ಒಂದು ಮೂಲೆ ಕಟ್ಟಿನಿಂದ ಬಿಚ್ಚಿಕೊಂಡು ರಸ್ತೆಯ ಧೂಳನ್ನು ಗುಡಿಸುತ್ತಿದೆ.

“ರೀ, ಹೊಸಾ ಕೌದಿ ಮಣ್ಣಲ್ಲಿ ಎಳ್ಕೊಂಡು ಹೋಗ್ತಾ ಇದ್ದೀರಲ್ರೀ, ಕಣ್ಣು ಕಾಣಲ್ವಾ? ಎತ್ತಿ ಹಿಡ್ಕೊಳ್ಳಿ” ಎಂದಳು. ದನಿ ಎಷ್ಟು ಜೋರಾಗಿತ್ತೆಂದರೆ ನಿಲ್ದಾಣದಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಸಿದ್ದಮಲ್ಲಪ್ಪ ಗಂಟನ್ನು ತಲೆಯ ಮೇಲೇರಿಸಿಕೊಂಡು ಮುಂದೆ ನಡೆದ. ಅವಳಿಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಬಸ್ಸಿನ ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್ ಗಂಟಿಗೆ ಕೈ ಕೊಡುತ್ತ, “ಏನ್ ಯಜಮಾನ್ರೇ, ಬೈಸ್ಕೊಂಡು ಇಷ್ಟು ನಗ್ತಾ ಬತ್ತಿದ್ದೀರಲ್ಲ” ಎಂದ.