ಮೊದಲ ಸಿಹಿ

ಎದೆಯ ಮೇಲೆ ಮಲಗಿದ್ದ ಕೂಸಿನ ಕೈಗಳು ಸಣ್ಣಗೆ ನಡುಗುತ್ತಿದ್ದವು. ಹೆರಿಗೆಯ ದಣಿವಿನಲ್ಲಿ ನೀರಿನ ಮೇಲೆ ತೇಲುತ್ತಿರುವಂತೆ ಮಲಗಿದ್ದ ದರ್ಜಿಯಮ್ಮನಿಗೆ ಮೊದಲು ಅದು ಕನಸೆಂದೇ ಅನಿಸಿತು. ಗುಂಡುಗುಂಡಗೆ ಹುಟ್ಟಿದ ಮಗಳು ಮೊಲೆ ಬಾಯಿಗಿಟ್ಟರೂ ಚೀಪುತ್ತಿರಲಿಲ್ಲ. ನರ್ಸಕ್ಕ ಪುಟ್ಟ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ನೋಡಿ, "ಮಗೂಗೆ ಶುಗರ್ ಇಳಿದಿದೆ," ಎನ್ನುತ್ತ ಬೆರಳ ತುದಿಗೆ ಸಕ್ಕರೆಯ ಜೆಲ್ ಹಿಂಡಿಕೊಂಡಳು.

ಸಕ್ಕರೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ದರ್ಜಿಯಮ್ಮ ಮಗುವಿನ ಬಾಯಿಗೆ ಕೈ ಅಡ್ಡ ಹಿಡಿದಳು. ಬಸುರಿನಲ್ಲಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡಂದಿನಿಂದ ಅವಳು ಸಿಹಿಯ ಕಡೆ ತಿರುಗಿಯೂ ನೋಡಿರಲಿಲ್ಲ. ಬೇಕರಿಯಲ್ಲಿ ದುಡಿಯುವ ಗಂಡನಂತೂ ಮೈಗಂಟಿದ ಕೇಕಿನ ಘಮ ಅವಳ ಆಸೆ ಕೆರಳಿಸೀತೆಂದು ಅಲ್ಲೇ ಸ್ನಾನ ಮುಗಿಸಿ ಮನೆಗೆ ಬರುತ್ತಿದ್ದ. "ಬೇಡಕ್ಕಾ! ಇವಳಿಗೋಸ್ಕರ ತಾನೇ ನಾನು ಬಾಯಿ ಕಟ್ಟಿದ್ದು?"

"ಗೊತ್ತಮ್ಮ," ಎಂದಳು ನರ್ಸಕ್ಕ. "ಹೊಟ್ಟೇಲಿದ್ದಾಗ ಇವಳಿಗೆ ನಿನ್ನ ರಕ್ತದಿಂದ ಜಾಸ್ತಿ ಸಕ್ಕರೆ ಹರಿದು ಬರ್ತಿತ್ತು. ಈಗ ಹೊಕ್ಕುಳಬಳ್ಳಿ ಕತ್ತರಿಸಿಯಾಯ್ತು. ಆದರೂ ಹಳೇ ಅಭ್ಯಾಸಕ್ಕೆ ಇವಳ ಮೈ ಇರೋ ಸಕ್ಕರೇನೆಲ್ಲ ಕರಗಿಸ್ತಾನೇ ಇದೆ. ಕಟ್ಟಿದ್ದು ನಿನ್ನ ಬಾಯಿ. ಇವಳದ್ದು ಬಿಡು."

ಅಡ್ಡ ಹಿಡಿದ ಕೈ ತಾನಾಗಿಯೇ ಸರಿಯಿತು. ನರ್ಸಕ್ಕ ಕೂಸಿನ ಕೆನ್ನೆಯ ಒಳಗೆ ಮೆಲ್ಲಗೆ ಜೆಲ್ ಸವರಿದಳು. ಕಿಟಕಿಯ ಬಿಸಿಲು, ಹೊರಗಿನ ಸದ್ದು, ಎಲ್ಲವೂ ದೂರ ಸರಿದು ಆ ಒಂದು ಬಾಯಿಯಷ್ಟೇ ಲೋಕದಲ್ಲಿ ಉಳಿದಂತಾಯಿತು. ಪುಟ್ಟ ನಾಲಿಗೆ ಹೊರಳಿತು. ತುಟಿ ಚಪ್ಪರಿಸಿತು. ಸ್ವಲ್ಪ ಹೊತ್ತಿಗೆ ನಡುಕ ನಿಂತು, ಕೂಸು ಕಣ್ಣುಮುಚ್ಚಿಕೊಂಡೇ ಮೊಲೆ ಹುಡುಕಿ ಹಿಡಿದು ಎಳೆದ ರಭಸಕ್ಕೆ ದರ್ಜಿಯಮ್ಮ ಬೆಚ್ಚಿಬಿದ್ದಳು.

"ಅಯ್ಯೋ, ನಿಧಾನ ಕಣೇ, ಹೊಟ್ಟೆಬಾಕಿ!"