ಮೊಣಕಾಲೆತ್ತರದ ನಡುಗೋಡೆ

ಯುದ್ಧ ಮುಗಿದ ಮೇಲೆ ನೆರವಿನ ತಂಡದವರು ಊರಿಗೆಲ್ಲ ಗೋಡೆಬೀಜ ಹಂಚಿದ್ದರು. ಬಿತ್ತಿ, ಪಕ್ಕದಲ್ಲಿ ಕೂತು ಮಾತಾಡಿದರೆ ಸಾಕು, ಗೋಡೆ ಬೆಳೆಯುತ್ತಿತ್ತು. ಹಮಲಿಬಾಯಿಯ ಮನೆಯ ಮೂರು ಗೋಡೆಗಳು ಮೊಮ್ಮಕ್ಕಳ ಗಲಾಟೆಗೇ ಎದ್ದು ನಿಂತವು. ನಾಲ್ಕನೆಯದು ಮಾತ್ರ ಮೊಣಕಾಲೆತ್ತರದಲ್ಲೇ ಉಳಿದಿತ್ತು. ಅದು ಪಕ್ಕದ ಖಾಜಾಬಿಯ ಮನೆಗೂ ಸೇರಿದ ನಡುಗೋಡೆ. ಅದಕ್ಕೆ ಎರಡೂ ಮನೆಯ ಮಾತು ಬೇಕು. ಯುದ್ಧದಲ್ಲಿ ಹಮಲಿಬಾಯಿಯ ತಾಂಡಾದವರು ಒಂದು ಕಡೆ, ಖಾಜಾಬಿಯ ದರ್ಗಾ ಓಣಿಯವರು ಇನ್ನೊಂದು ಕಡೆ ನಿಂತ ಮೇಲೆ ಇಬ್ಬರೂ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಮಳೆ ಹತ್ತಿರ ಬಂದಿತ್ತು; ಚಾವಣಿಯ ತಗಡು ಇನ್ನೂ ಅಂಗಳದಲ್ಲೇ ಬಿದ್ದಿತ್ತು.

ಅವತ್ತು ಬೆಳಿಗ್ಗೆ ಖಾಜಾಬಿ ಪುಂಡಿಸೊಪ್ಪಿನ ಪಲ್ಯಕ್ಕೆ ಒಗ್ಗರಣೆ ಇಟ್ಟು, ಕೋಳಿ ಓಡಿಸಲು ಎದ್ದು ಹೋದಳು. ಗೋಡೆಯಾಚೆಯಿಂದ ಸೀದ ವಾಸನೆ ಬಂತು. ಹಮಲಿಬಾಯಿ ತುಟಿ ಕಚ್ಚಿ ಹಿಡಿದಳು, ಆಗಲಿಲ್ಲ.

"ಏ ಖಾಜಾಬಿ! ಬಳ್ಳೊಳ್ಳಿ ಹೊತ್ತಲಿಕತ್ತದ!"

"ನನ್ನ ಒಲಿ, ನನ್ನ ಬಳ್ಳೊಳ್ಳಿ. ನಿನಗ್ಯಾಕ ಬೇಕವಾ?"

"ವಾಸನಿ ನನ್ನ ಮನಿಗಿ ಬರ್ತದಲ್ಲ!"

ಗೋಡೆ ಒಂದು ಗೇಣು ಎದ್ದಿತು. ಇಬ್ಬರೂ ಅದನ್ನು ನೋಡಲಿಲ್ಲ. ಜಗಳ ಬೆಳ್ಳುಳ್ಳಿಯಿಂದ ಪುಂಡಿಗೆ ಹೋಯಿತು, ಪುಂಡಿಯಿಂದ ಕೋಳಿಗೆ, ಕೋಳಿಯಿಂದ ಹಳೆ ಬಾವಿಯ ಸರದಿಗೆ. ಸಂಜೆ ಹೊತ್ತಿಗೆ ಇಬ್ಬರ ಗಂಟಲೂ ಕಟ್ಟಿತ್ತು, ನಡುಗೋಡೆ ತಲೆ ಮೀರಿತ್ತು.

ನೆರವಿನ ತಂಡದ ಫಿಲೋಮಿನಾ ಬಂದವಳೇ ಚಪ್ಪಾಳೆ ತಟ್ಟಿದಳು. "ಸಾಕ್ರಿ ಅಮ್ಮಾ, ಇನ್ನ ಸುಮ್ಮನಾಗ್ರಿ. ನಾಳೆ ಚಾವಣಿ ಹಾಕ್ತೀವಿ."

ಹಮಲಿಬಾಯಿ ಬೋಳು ಗೋಡೆಯನ್ನು ಮೇಲಿಂದ ಕೆಳಗೆ ನೋಡಿದಳು.

"ಒಲಿ ಕಡಿಗಿ ಒಂದು ಕಿಟಕಿ ಕೊರೀರಿ," ಎಂದಳು. "ಆಕಿ ನಾಳಿ ಮತ್ತ ಹೊತ್ತಸ್ತಾಳ."

"ದೊಡ್ಡದೇ ಕೊರೀರಿ," ಆಚೆಯಿಂದ ಖಾಜಾಬಿಯ ದನಿ ಬಂತು. "ಪಲ್ಯದ ತಾಟು ದಾಟೂವಷ್ಟು."