ಎಣ್ಣೆಗಲೆಯ ಸಾಲು

ಮಕ್ಕಳೇ, ಔಡಲೆಣ್ಣೆಯ ವಾಸನೆ ಬಂದರೆ ಇಂದಿಗೂ ನನಗೆ ನಮ್ಮೂರು ಕೊಳಕೂರಿನ ಆ ಮಧ್ಯಾಹ್ನವೇ ಕಣ್ಣಮುಂದೆ ನಿಲ್ಲುತ್ತದೆ.

ಆಗ ನಿಜಾಮನ ಕಾಲ, ನನಗೆ ಒಂಬತ್ತು ವರ್ಷ. ಮನೆಯಲ್ಲಿ ಓದು ಬರುತ್ತಿದ್ದುದು ನನಗೊಬ್ಬಳಿಗೇ. ಪಾದ್ರಿಯವರು ಕೊಟ್ಟ ದಪ್ಪ ವೇದಪುಸ್ತಕವನ್ನು ದಿನಕ್ಕೊಂದು ಪಾಠದಂತೆ ಗಟ್ಟಿಯಾಗಿ ಓದುವುದು ನನ್ನ ಕೆಲಸ. ನಿನ್ನೆ ಬಿಟ್ಟಲ್ಲಿಂದಲೇ ಓದಬೇಕು, ಹಾಳೆ ಹಾರಿಸಬಾರದು ಎಂಬುದು ಅವ್ವನ ಕಟ್ಟಳೆ.

ಅಂದು ತಮ್ಮ ಸಾಮು ಜ್ವರದಲ್ಲಿ ಬೆಳಗಿನಿಂದ ಕಣ್ಣು ತೆರೆದಿರಲಿಲ್ಲ. ಅಪ್ಪ ಡಾಕ್ಟರನ್ನು ಕರೆತರಲು ಜೇವರ್ಗಿಗೆ ಹೋಗಿದ್ದ. ಅವ್ವ ಮಗುವಿನ ಹೊಟ್ಟೆಗೆ ಔಡಲೆಣ್ಣೆ ತಿಕ್ಕುತ್ತ, "ಓದ್ ಬೇ. ದೇವ್ರು ಇವತ್ತ ಏನ್ ಹೇಳ್ತಾನ ಕೇಳೂನು" ಎಂದಳು.

ಅಂದಿನ ಪಾಠದಲ್ಲಿ ಇದ್ದದ್ದು ಬರೀ ಹೆಸರುಗಳು, ಯಾರ ಮಗ ಯಾರು ಎಂಬ ಪಟ್ಟಿ. ಹಾಳೆಯ ತುದಿಯವರೆಗೂ ಕಣ್ಣಾಡಿಸಿದೆ, ಸಾಮುವಿಗೆ ಆಗಿಬರುವ ಒಂದು ಮಾತೂ ಸಿಗಲಿಲ್ಲ.

"ಯಾಕ, ಬಾಯಾಗ ಬೆಲ್ಲ ಇಟ್ಕೊಂಡೀ ಏನ್?"

"ನಿನ್ನ ಮಗನು ಸಂಜೆಯೊಳಗೆ ಏಳುವನು" ಎಂದು ಓದಿಬಿಟ್ಟೆ.

ಅವ್ವನ ಕೈ ನಿಂತಿತು. "ಹಂಗ ಬರ್ದಾರೇನ್? ಎಲ್ಲಿ ಅದ, ತೋರ್ಸು."

ನಾನು ಒಂದು ಸಾಲಿನ ಮೇಲೆ ಬೆರಳಿಟ್ಟೆ. ಅವ್ವ ಅಲ್ಲಿ ತನ್ನ ಎಣ್ಣೆಯ ಹೆಬ್ಬೆರಳು ಒತ್ತಿದಳು. ಸಂಜೆಯವರೆಗೂ ತೆಗೆಯಲಿಲ್ಲ. ಅಪ್ಪ ಬರುವಷ್ಟರಲ್ಲಿ ಸಾಮುವಿನ ಮೈ ತಣ್ಣಗಾಗಿತ್ತು.

ಅವನನ್ನು ಮಣ್ಣು ಮಾಡಿದ ಮರುದಿನ ಅವ್ವ ಪುಸ್ತಕ ತಂದು, ಆ ಎಣ್ಣೆಗಲೆಯನ್ನು ತೋರಿಸಿದಳು. "ಇದನ್ನ ಓದ್ ಬೇ."

ನಾನು ಅಲ್ಲಿದ್ದ ಹೆಸರುಗಳನ್ನು ಒಂದೂ ಬಿಡದೆ ಓದಿದೆ. ಅವ್ವ ಕಲೆಯ ಮೇಲಿನ ಬೆರಳು ತೆಗೆದಳು. ಆಮೇಲೆ ನನ್ನ ತಲೆಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ಮುಂದ ಓದ್" ಎಂದಳು.